ಎರಡು ಬಾಳಿನ ಒಂದು ಜೀವಿ

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಕಪ್ಪೆಗಳ ಗದ್ದಲ ಕೇಳದ ಊರು ನಮ್ಮ ನಾಡಿನಲ್ಲಿ ಅಪರೂಪ. ಕೆಲವು ದಿನಗಳು ಕಳೆಯುವುದರೊಳಗಾಗಿ ಅದೇ ಕೆರೆಯ ಅಂಚಿನಲ್ಲಿ, ಕರಿಯ ಮಣಿಗಳಿಗೆ ಬಾಲ ಮೂಡಿತೋ ಎಂಬಂತೆ, ಗೊದಮೊಟ್ಟೆಗಳು ಹಿಂಡುಹಿಂಡಾಗಿ ಓಡಾಡತೊಡಗುತ್ತವೆ. ಒಂದು ನೆಲದ ಮೇಲೆ ಕುಪ್ಪಳಿಸಿ ಗಾಳಿಯನ್ನು ಉಸಿರಾಡುವ ಪ್ರಾಣಿ. ಇನ್ನೊಂದು ಮೀನಿನಂತೆ ಈಜಿ ನೀರಿನಲ್ಲಿಯೇ ಉಸಿರಾಡುವ ಪ್ರಾಣಿ. ಒಂದು ಹುಳುಹುಪ್ಪಟೆಗಳನ್ನು ಹಿಡಿದು ನುಂಗತಕ್ಕದ್ದು. ಇನ್ನೊಂದು ಕಲ್ಲಿನ ಮೇಲಣ ಪಾಚಿಯನ್ನು ಕೆರೆದು ತಿನ್ನತಕ್ಕದ್ದು. ಇವೆರಡೂ ಒಂದೇ ಜೀವಿಯ ಎರಡು ಅವಸ್ಥೆಗಳೆಂದು ಇಂದು ಪ್ರಾಥಮಿಕ ಶಾಲೆಯ ಹುಡುಗನೂ ಹೇಳಬಲ್ಲನು. ಆದರೆ ಈ ಎರಡು ಬಾಳುಗಳನ್ನು ಒಂದು ದಾರದಲ್ಲಿ ಪೋಣಿಸುವುದಕ್ಕೆ ಮನುಷ್ಯನ ಬುದ್ಧಿಗೆ ಎಷ್ಟು ಶತಮಾನಗಳು ಹಿಡಿದವು, ಆ ಕೆಲಸ ಇಂದಿಗೂ ಎಷ್ಟರಮಟ್ಟಿಗೆ ಉಳಿದಿದೆ ಎಂಬುದನ್ನು ನಾವು ಅಷ್ಟಾಗಿ ಆಲೋಚಿಸುವುದಿಲ್ಲ. ಆ ಚರಿತ್ರೆಯನ್ನೇ ಈ ಹೊತ್ತು ಸಂಗ್ರಹವಾಗಿ ನಿರೂಪಿಸಬೇಕೆಂದು ನನ್ನ ಉದ್ದೇಶ.

ಕಪ್ಪೆಯನ್ನು ನಮ್ಮ ಪೂರ್ವಿಕರು ಬಹು ಹಿಂದೆಯೇ ಗಮನಿಸಿದ್ದರು. ಋಗ್ವೇದದ ಏಳನೆಯ ಮಂಡಲದಲ್ಲಿ ನೂರಮೂರನೆಯ ಸೂಕ್ತ ಕಪ್ಪೆಗಳಿಗಾಗಿಯೇ ಮೀಸಲಾಗಿದೆ. ವರ್ಷವೆಲ್ಲ ಮೌನವಾಗಿ ಬಿದ್ದಿದ್ದ ಕಪ್ಪೆಗಳು ಪರ್ಜನ್ಯನ ಪ್ರೇರಣೆಯಿಂದ ಎಚ್ಚತ್ತು ದನಿಗೂಡಿಸುವುದನ್ನು ಋಷಿ ಅಲ್ಲಿ ವರ್ಣಿಸುತ್ತಾನೆ. ಸುಶ್ರುತಸಂಹಿತೆಯಲ್ಲಿ ಇನ್ನೂ ಸ್ವಾರಸ್ಯವಾದ ಮಾತೊಂದು ಉಂಟು. ಅದರ ಸೂತ್ರಸ್ಥಾನದ ಮೊದಲ ಅಧ್ಯಾಯದಲ್ಲಿಯೇ ಜಂಗಮ ಜೀವಿಗಳನ್ನು ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಹಕ್ಕಿ ಹಾವುಗಳು ಮೊಟ್ಟೆಯಿಂದ ಹುಟ್ಟುವ ಅಂಡಜಗಳು. ಕಪ್ಪೆಯಾದರೋ ಆ ಗುಂಪಿಗೆ ಸೇರದೆ, ಮಳೆಗಾಲದಲ್ಲಿ ಕಾಣಿಸಿಕೊಳ್ಳುವ ಕೆಂಪು ಮಖಮಲ್ಲಿನಂತಹ ಇಂದ್ರಗೋಪದ ಹುಳುವಿನೊಂದಿಗೆ, ನೆಲವನ್ನು ಸೀಳಿಕೊಂಡು ಬರುವ ಉದ್ಭಿಜ್ಜಗಳ ಪಂಕ್ತಿಯಲ್ಲಿ ಕುಳಿತಿದೆ.

ಇದನ್ನು ಕೇಳಿ ನಗುವುದು ಸುಲಭ. ಆದರೆ ವಿಚಾರ ಮಾಡಿ ನೋಡಿದರೆ ನಗುವುದಕ್ಕೆ ಕಾರಣವಿಲ್ಲ. ಬೇಸಗೆಯ ಬಿಸಿಲಿಗೆ ಕಪ್ಪೆಗಳಲ್ಲಿ ಹಲವು ಜಾತಿಯವು ಮಣ್ಣಿನೊಳಗೆ ಹುದುಗಿಕೊಳ್ಳುತ್ತವೆ. ಮೊದಲ ಮಳೆಗೆ ನಿಜವಾಗಿಯೂ ನೆಲವನ್ನು ಭೇದಿಸಿಕೊಂಡೇ ಮೇಲೆ ಬರುತ್ತವೆ. ನೋಡಿದ್ದು ಸರಿಯಾಗಿಯೇ ಇತ್ತು. ಯೂರೋಪಿನಲ್ಲಿಯೂ ಹೀಗೆಯೇ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿದ್ದ ರೋಮನ್ ಪಂಡಿತ ಪ್ಲಿನಿ, ಕಪ್ಪೆಗಳು ಆರು ತಿಂಗಳು ಬದುಕಿ ಯಾರಿಗೂ ಕಾಣದಂತೆ ಕೆಸರಾಗಿ ಕರಗಿಹೋಗುತ್ತವೆಂದೂ, ವಸಂತ ಬಂದಾಗ ಮತ್ತೆ ನೀರಿನಲ್ಲಿ ರೂಪುಗೊಳ್ಳುತ್ತವೆಂದೂ ಬರೆದನು. ಚಳಿಗಾಲದಲ್ಲಿ ಕಪ್ಪೆ ಕಾಣಿಸುವುದಿಲ್ಲ, ವಸಂತದಲ್ಲಿ ಕಾಣಿಸುತ್ತದೆ: ಇಷ್ಟನ್ನು ಎಲ್ಲರೂ ಕಂಡಿದ್ದರು. ಎರಡು ದರ್ಶನಗಳ ನಡುವಣ ಸೇತುವೆಯನ್ನು ಮಾತ್ರ ಕಲ್ಪನೆಯಿಂದ ಕಟ್ಟಿದರು. ನಡುವೆ ಏನು ನಡೆಯುತ್ತದೆಂಬುದನ್ನು ದಿನದಿನವೂ ಕುಳಿತು ನೋಡುವ ತಾಳ್ಮೆ ಹದಿನೇಳನೆಯ ಶತಮಾನದವರೆಗೆ ಶಾಸ್ತ್ರಕ್ಕೆ ಒದಗಿಬರಲಿಲ್ಲ.

ಆ ತಾಳ್ಮೆಯನ್ನು ತೋರಿದವರಲ್ಲಿ ಅಗ್ರಗಣ್ಯನು ಹಾಲೆಂಡಿನ ಯಾನ್ ಸ್ವಾಮರ್‌ಡಾಮ್. ಇವನು 1637ರಲ್ಲಿ ಆಮ್‌ಸ್ಟರ್‌ಡಾಮ್ ನಗರದಲ್ಲಿ ಔಷಧವ್ಯಾಪಾರಿಯೊಬ್ಬನ ಮಗನಾಗಿ ಹುಟ್ಟಿದನು. ವೈದ್ಯವನ್ನು ಓದಿದರೂ ವೈದ್ಯವೃತ್ತಿಗೆ ಮನಸ್ಸು ಕೊಡದೆ, ತಂದೆಯ ಅಸಮಾಧಾನಕ್ಕೆ ಗುರಿಯಾಗಿ, ಸೂಕ್ಷ್ಮದರ್ಶಕದ ಮುಂದೆ ಕಣ್ಣು ಸವೆಸಿದನು. ಕಪ್ಪೆಯ ಮೊಟ್ಟೆ ಮೊದಲು ಎರಡಾಗಿ ಸೀಳಿಕೊಳ್ಳುವುದನ್ನು ಗುರುತಿಸಿದನು. ಬೆಳೆದ ಗೊದಮೊಟ್ಟೆಯ ಚರ್ಮವನ್ನು ಬಿಡಿಸಿ ನೋಡಿ, ಕಪ್ಪೆಯ ಮುಂಗಾಲುಗಳು ಅದರ ಕೆಳಗೆ ಆಗಲೇ ಮಡಿಸಿಕೊಂಡು ಕುಳಿತಿರುವುದನ್ನು ಕಂಡನು. ಒಂದು ಪ್ರಾಣಿ ಸತ್ತು ಇನ್ನೊಂದು ಹುಟ್ಟುವುದಿಲ್ಲ. ಮೊಗ್ಗಿನೊಳಗೆ ಹೂವಿರುವಂತೆ ಗೊದಮೊಟ್ಟೆಯ ಒಳಗೆ ಕಪ್ಪೆ ಬೆಳೆಯುತ್ತಿರುತ್ತದೆ ಎಂಬುದು ಅವನ ಸಿದ್ಧಾಂತ. 1680ರಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಅವನ ಬರಹಗಳು ಕೈಯಿಂದ ಕೈಗೆ ದಾಟಿ, ಕಡೆಗೆ ಲೈಡನ್ನಿನ ಪ್ರಸಿದ್ಧ ವೈದ್ಯ ಬೂರ್ಹಾವೆಯ ವಶಕ್ಕೆ ಬಂದು, ‘ಪ್ರಕೃತಿಯ ಬೈಬಲ್’ ಎಂಬ ಹೆಸರಿನಿಂದ 1737-38ರಲ್ಲಿ ಅಚ್ಚಾದುವು. ಬರೆದವನು ಸತ್ತು ಆಗಲೇ ಐವತ್ತೇಳು ವರ್ಷಗಳಾಗಿದ್ದುವು.

ಗೊದಮೊಟ್ಟೆ ಕಪ್ಪೆಯಾಗುತ್ತದೆಂಬುದು ಹೀಗೆ ಸ್ಥಿರಪಟ್ಟರೂ, ಮೊಟ್ಟೆ ಗೊದಮೊಟ್ಟೆಯಾಗುವುದಕ್ಕೆ ಕಾರಣವೇನೆಂಬುದು ತಿಳಿದಿರಲಿಲ್ಲ. ಇದನ್ನು ಶೋಧಿಸಿದವನು ಇಟಲಿಯ ಪಾದ್ರಿ, ಪಾವಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಲಾಜರೋ ಸ್ಪಾಲನ್‌ಜಾನಿ. ಹಕ್ಕಿಗಳಲ್ಲಿ ಗರ್ಭಧಾರಣೆ ತಾಯಿಯ ದೇಹದೊಳಗೆ ನಡೆಯುತ್ತದೆ. ಕಪ್ಪೆಗಳಲ್ಲಿ ಹೆಣ್ಣು ನೀರಿಗೆ ಮೊಟ್ಟೆಯನ್ನು ಬಿಡುತ್ತಿರುವಾಗ ಬೆನ್ನ ಮೇಲಿರುವ ಗಂಡು ಅದರ ಮೇಲೆ ತನ್ನ ರೇತಸ್ಸನ್ನು ಬಿಡುತ್ತದೆ. ಸ್ಪಾಲನ್‌ಜಾನಿ ಮಾಡಿದ ಉಪಾಯ ಲೋಕವಿಖ್ಯಾತವಾದದ್ದು. ಗಂಡುಕಪ್ಪೆಗಳಿಗೆ ಮೇಣ ಸವರಿದ ರೇಷ್ಮೆಯ ಬಟ್ಟೆಯಿಂದ ಪುಟ್ಟ ಚಡ್ಡಿಗಳನ್ನು ಹೊಲಿದು ತೊಡಿಸಿದನು. ಆ ಕಪ್ಪೆಗಳು ಎಂದಿನಂತೆ ಹೆಣ್ಣುಗಳನ್ನು ಅಪ್ಪಿಕೊಂಡವು. ಹೆಣ್ಣುಗಳು ಎಂದಿನಂತೆ ಮೊಟ್ಟೆಯನ್ನಿಟ್ಟವು. ಆದರೆ ಒಂದು ಮೊಟ್ಟೆಯೂ ಬೆಳೆಯಲಿಲ್ಲ, ಎಲ್ಲವೂ ಕೊಳೆತುಹೋದವು. ಚಡ್ಡಿಯೊಳಗೆ ಉಳಿದಿದ್ದ ತೊಟ್ಟುಗಳನ್ನು ಬೇರೆ ಮೊಟ್ಟೆಗಳಿಗೆ ಸವರಿದಾಗ ಅವು ಬೆಳೆದು ಗೊದಮೊಟ್ಟೆಗಳಾದವು. ಇಷ್ಟನ್ನು ತನ್ನ ಕೈಯಿಂದಲೇ ಮಾಡಿಯೂ, ಮರಿ ಮೊಟ್ಟೆಯಲ್ಲಿ ಮೊದಲಿನಿಂದಲೇ ಸಿದ್ಧವಾಗಿರುತ್ತದೆ, ಗಂಡಿನ ದ್ರವ ಅದನ್ನು ಎಬ್ಬಿಸುತ್ತದೆಯಷ್ಟೆ ಎಂಬ ಹಳೆಯ ಮತವನ್ನು ಅವನು ಬಿಡಲಿಲ್ಲ. ಆ ದ್ರವದಲ್ಲಿ ಈಜುವ ಸೂಕ್ಷ್ಮಜೀವಾಣುಗಳೇ ಕಾರ್ಯಕಾರಿಗಳೆಂಬುದನ್ನು ಪ್ರೆವೋ, ಡ್ಯೂಮಾ ಎಂಬಿಬ್ಬರು 1824ರಲ್ಲಿ, ಕಪ್ಪೆಯನ್ನೇ ಇಟ್ಟುಕೊಂಡು ತೋರಿಸಿಕೊಟ್ಟರು.

ಈ ನಡುವೆ ದಕ್ಷಿಣ ಅಮೆರಿಕಾದಿಂದ ಬಂದ ಕಪ್ಪೆಯೊಂದು ವಿದ್ವಾಂಸರನ್ನೆಲ್ಲ ಗೊಂದಲಕ್ಕೆ ಈಡುಮಾಡಿತು. ಅಲ್ಲಿ ಒಂದು ಜಾತಿಯ ಗೊದಮೊಟ್ಟೆ ಗೇಣುದ್ದಕ್ಕೆ ಬೆಳೆಯುತ್ತದೆ. ಅದರಿಂದ ಆಗುವ ಕಪ್ಪೆಯಾದರೋ ಅದರ ಮೂರನೆಯ ಒಂದು ಪಾಲಿನಷ್ಟೂ ಉದ್ದವಿಲ್ಲ. ಮಗು ದೊಡ್ಡದು, ತಾಯಿ ಚಿಕ್ಕದು! ಎಲ್ಲ ಗಾತ್ರದ ಮಾದರಿಗಳನ್ನು ಸಾಲಾಗಿ ಇಟ್ಟು ನೋಡಿದವರು, ಚಿಕ್ಕದು ದೊಡ್ಡದಾಗುವುದು ಲೋಕನಿಯಮವಾದ್ದರಿಂದ, ಇಲ್ಲಿ ಕಪ್ಪೆಯೇ ಬಾಲ ಬೆಳೆಸಿಕೊಂಡು ಕ್ರಮವಾಗಿ ಮೀನಾಗುತ್ತದೆಂದು ತೀರ್ಮಾನಿಸಿದರು. ಆಮ್‌ಸ್ಟರ್‌ಡಾಮಿನ ಸಂಗ್ರಾಹಕ ಸೇಬಾ 1734ರಲ್ಲಿ ಪ್ರಕಟಿಸಿದ ಭಾರಿ ಗ್ರಂಥದಲ್ಲಿ ಈ ವಿಪರೀತ ಕ್ರಮವನ್ನೇ ಚಿತ್ರಿಸಿದೆ. ಸ್ವೀಡನ್ನಿನ ಲಿನೇಯಸ್ ಪಂಡಿತನು 1758ರಲ್ಲಿ ಇದಕ್ಕೆ ಇಟ್ಟ ಹೆಸರಿನ ಅರ್ಥವೇ ‘ವಿರೋಧಾಭಾಸದ ಕಪ್ಪೆ’ ಎಂದು. ಸತ್ತ ಮಾದರಿಗಳನ್ನು ಸಾಲಾಗಿ ಇಡುವುದಕ್ಕೂ ಬದುಕಿರುವುದನ್ನು ಕಣ್ಣೆದುರಿಗೆ ಸಾಕಿ ನೋಡುವುದಕ್ಕೂ ಎಷ್ಟು ಅಂತರವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ.

ಈ ಪ್ರಾಣಿಗಳಿಗೆ ಪಾಶ್ಚಾತ್ಯರು ಕೊಟ್ಟ ‘ಆಂಫಿಬಿಯ’ ಎಂಬ ಗ್ರೀಕ್ ಮೂಲದ ಹೆಸರಿಗೆ ‘ಎರಡು ಬಾಳಿನವು’ ಎಂದೇ ಅರ್ಥ. ನಾವು ಉಭಯಚರಗಳೆಂದು ಕರೆಯುತ್ತೇವೆ. ಆದರೆ ಲಿನೇಯಸ್ ಈ ಹೆಸರಿನ ಚೀಲದೊಳಗೆ ಕಪ್ಪೆಯೊಂದಿಗೆ ಹಾವು, ಹಲ್ಲಿ, ಆಮೆ, ಮೊಸಳೆಗಳನ್ನೂ ತುಂಬಿದ್ದನು. ಅಷ್ಟು ಮಾತ್ರವಲ್ಲದೆ, ಇವು ತಣ್ಣನೆಯ ಮೈಯ ಹೇಸಿಗೆಯ ಪ್ರಾಣಿಗಳೆಂದು ಬೈದೂ ಇದ್ದನು. ಫ್ರಾನ್ಸಿನ ಬ್ರೋಂನ್ಯಾರ್ 1800ರಲ್ಲಿ ಕಪ್ಪೆಯ ಬಳಗವನ್ನು ಸರೀಸೃಪಗಳ ಒಳಗೇ ಒಂದು ಪ್ರತ್ಯೇಕ ಗಣವಾಗಿ ವಿಂಗಡಿಸಿದನು. ಅವನ ಹಿಂದೆ ಬಂದವರು ಅದನ್ನು ಬೇರೆಯ ವರ್ಗವನ್ನಾಗಿಯೇ ಮಾಡಿದರು. ಹಲ್ಲಿಯ ಮರಿ ಹಲ್ಲಿಯಂತೆಯೇ ಹುಟ್ಟುತ್ತದೆ, ಕಪ್ಪೆಯ ಮರಿ ಕಪ್ಪೆಯಂತೆ ಹುಟ್ಟುವುದಿಲ್ಲ ಎಂಬುದು ಈ ವಿಭಾಗಕ್ಕೆ ಮುಖ್ಯವಾದ ಆಧಾರಗಳಲ್ಲೊಂದು. ಬಾಲವಿಲ್ಲದ ಕಪ್ಪೆಗಳು, ಬಾಲವುಳ್ಳ ಸಾಲಮಾಂಡರುಗಳು, ಕಾಲೇ ಇಲ್ಲದೆ ಎರೆಹುಳುವನ್ನು ಹೋಲುವ ಸಿಸಿಲಿಯನ್‌ಗಳು ಎಂಬ ಮೂರು ಬಳಗಗಳು ಸೇರಿ ಇಂದು ಎಂಟು ಸಾವಿರಕ್ಕೂ ಹೆಚ್ಚು ಜಾತಿಗಳು ಈ ವರ್ಗದಲ್ಲಿ ಎಣಿಕೆಗೆ ಸಿಕ್ಕಿವೆ.

ರೂಪಾಂತರವೆಂದರೆ ಬಾಲ ಬಿದ್ದು ಕಾಲು ಬರುವುದು ಎಂದು ನಾವು ಸಾಮಾನ್ಯವಾಗಿ ಹೇಳಿಬಿಡುತ್ತೇವೆ. ವಾಸ್ತವದಲ್ಲಿ ಬಾಲ ಬೀಳುವುದೇ ಇಲ್ಲ. ಅದು ದೇಹದೊಳಕ್ಕೆ ಹೀರಿಕೊಳ್ಳಲ್ಪಡುತ್ತದೆ. ಮೊದಲು ಹಿಂಗಾಲುಗಳು ಹೊರಗೆ ಕಾಣಿಸಿಕೊಳ್ಳುತ್ತವೆ. ಸ್ವಾಮರ್‌ಡಾಮ್ ಕಂಡಂತೆ ಮರೆಯಲ್ಲಿ ಬೆಳೆದ ಮುಂಗಾಲುಗಳು ಆಮೇಲೆ ಹೊರಬೀಳುತ್ತವೆ. ಪಾಚಿಯನ್ನು ಅರಗಿಸಲು ಸುರುಳಿಸುರುಳಿಯಾಗಿದ್ದ ನೀಳವಾದ ಕರುಳು, ಮಾಂಸಾಹಾರಕ್ಕೆ ತಕ್ಕಂತೆ ಮೋಟಾಗುತ್ತದೆ. ಕೊಂಬಿನಂತಹ ಪುಟ್ಟ ತುಟಿಗಳು ಉದುರಿ ಅಗಲವಾದ ಬಾಯಿ ಮೂಡುತ್ತದೆ. ಕಿವಿರುಗಳು ಅಡಗಿ ಶ್ವಾಸಕೋಶಗಳು ಕೆಲಸಕ್ಕೆ ತೊಡಗುತ್ತವೆ. ಅದಕ್ಕೆ ಸರಿಯಾಗಿ ಹೃದಯದ ಎರಡು ಕೋಣೆಗಳು ಮೂರಾಗುತ್ತವೆ. ರಕ್ತದ ಕೆಂಪು ದ್ರವ್ಯವೂ ಬೇರೆಯಾಗುತ್ತದೆ. ಬಾಯಿ ಬದಲಾಗುತ್ತಿರುವ ಆ ದಿನಗಳಲ್ಲಿ ಮರಿಗೆ ಊಟವಿಲ್ಲ. ತನ್ನ ಬಾಲವನ್ನೇ ಬುತ್ತಿಯಾಗಿ ಮಾಡಿಕೊಂಡು ಅದು ದಡವನ್ನು ಸೇರುತ್ತದೆ. ಮನೆಯಲ್ಲಿ ವಾಸವಾಗಿರುವಾಗಲೇ ಗೋಡೆ, ಛಾವಣಿ, ಅಡಿಗೆಮನೆ ಎಲ್ಲವನ್ನೂ ಒಟ್ಟಿಗೆ ಕಿತ್ತು ಕಟ್ಟುವಂತಹ ಕೆಲಸವಿದು. ಇಷ್ಟಕ್ಕೆಲ್ಲ ಅಪ್ಪಣೆ ಕೊಡುವ ಯಜಮಾನನು ಯಾರು?

ಈ ಪ್ರಶ್ನೆಗೆ ದಾರಿ ತೋರಿಸಿದ್ದು ಮೆಕ್ಸಿಕೋ ನಗರದ ಬಳಿ ಸೋಚಿಮಿಲ್ಕೋ ಸರೋವರದಲ್ಲಿ ವಾಸಿಸುವ ಆಕ್ಸೊಲಾಟ್ಲ್ ಎಂಬ ಪ್ರಾಣಿ. ಇದರ ಕತ್ತಿನ ಎರಡು ಪಕ್ಕಗಳಲ್ಲಿಯೂ ಗರಿಗಳಂತಹ ಕಿವಿರುಗಳು ಚಾಚಿಕೊಂಡಿರುತ್ತವೆ, ಜೀವಮಾನವೆಲ್ಲ ನೀರಿನಲ್ಲಿಯೇ. ಹುಂಬೋಲ್ಟನು ಮೆಕ್ಸಿಕೋವಿನಿಂದ ತಂದ ಮಾದರಿಗಳನ್ನು ಪರೀಕ್ಷಿಸಿದ ಕ್ಯೂವಿಯೇ ಪಂಡಿತನು, ಇದು ಯಾವುದೋ ಸಾಲಮಾಂಡರಿನ ಮರಿಯಾಗಿರಬೇಕೆಂದು ಶಂಕಿಸಿದ್ದನು. ಆದರೆ ಇದು ಮೊಟ್ಟೆಯಿಡುತ್ತದೆ, ಮರಿಯಾಗಿದ್ದರೆ ಮೊಟ್ಟೆಯಿಡುವುದೆಂತು? 1864ರಲ್ಲಿ ಪ್ಯಾರಿಸಿನ ಪ್ರಾಕೃತಿಕ ವಸ್ತುಸಂಗ್ರಹಾಲಯದ ಆಗಸ್ಟ್ ಡ್ಯೂಮೆರಿಲ್‌ಗೆ ಬದುಕಿರುವ 6 ಆಕ್ಸೊಲಾಟ್ಲ್‌ಗಳು ದೊರೆತವು. 1865ರಲ್ಲಿ ಅವು ಮೊಟ್ಟೆಯಿಟ್ಟು ಮರಿಮಾಡಿದವು. ಆಮೇಲೆ ನಡೆದದ್ದು ಯಾರೂ ನಿರೀಕ್ಷಿಸದ ಸಂಗತಿ. ತಾಯಿತಂದೆಗಳು ಇದ್ದಂತೆಯೇ ಇದ್ದವು. ಮಕ್ಕಳಲ್ಲಿ ಕೆಲವು ಕಿವಿರುಗಳನ್ನು ಕಳೆದುಕೊಂಡು, ಬಾಲದ ಈಜುರೆಕ್ಕೆ ಕರಗಿ, ಹಳದಿ ಮಚ್ಚೆಗಳನ್ನು ತಳೆದು ನೆಲದ ಸಾಲಮಾಂಡರುಗಳಾದವು. ಕ್ಯೂವಿಯೇಯ ಶಂಕೆ ನಿಜವಾಯಿತು. ಆಕ್ಸೊಲಾಟ್ಲ್ ಎಂಬುದು ಬಾಲ್ಯವನ್ನು ಬಿಡದೆಯೇ ಸಂಸಾರಿಯಾಗುವ ಜೀವಿ. ಅದರ ಎರಡನೆಯ ಬಾಳು ಅದರೊಳಗೆ ಇದ್ದೂ ಮಲಗಿರುತ್ತದೆ. 1870ರ ದಶಕದಲ್ಲಿ ಮರೀ ಫಾನ್ ಷೋವಿನ್ ಎಂಬ ಜರ್ಮನ್ ಮಹಿಳೆ, ನೀರನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ತಗ್ಗಿಸುತ್ತ ಬಂದು, ಬಹು ಸಹನೆಯಿಂದ ಆಕ್ಸೊಲಾಟ್ಲ್‌ಗಳನ್ನು ನೆಲಕ್ಕೆ ಹತ್ತಿಸಿದಳು.

ಮಲಗಿದ್ದುದನ್ನು ಎಬ್ಬಿಸುವ ಶಕ್ತಿ ಯಾವುದೆಂಬುದು 1912ರಲ್ಲಿ ಬಯಲಿಗೆ ಬಂದಿತು. ಗುಡೆರ್ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳನ್ನು ಗುಂಪುಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಪ್ರಾಣ್ಯಂಗವನ್ನು ತಿನ್ನಿಸಿ ನೋಡುತ್ತಿದ್ದನು. ಕತ್ತಿನಲ್ಲಿರುವ ಥೈರಾಯಿಡ್ ಗ್ರಂಥಿಯನ್ನು ತಿಂದ ಗುಂಪು ಬೆಳೆಯುವುದನ್ನು ನಿಲ್ಲಿಸಿ, ವಯಸ್ಸಿಗೆ ಮುಂಚೆಯೇ, ಅತಿ ಪುಟ್ಟ ಕಪ್ಪೆಗಳಾಗಿ ಮಾರ್ಪಟ್ಟಿತು. ಕೆಲವು ವರ್ಷಗಳ ತರುವಾಯ ಅಮೆರಿಕಾದ ಬೆನೆಟ್ ಆಲೆನ್ ಇದರ ವಿಪರೀತ ಪ್ರಯೋಗವನ್ನು ನಡೆಸಿದನು. ಎಳೆಯ ಗೊದಮೊಟ್ಟೆಗಳಿಂದ ಆ ಗ್ರಂಥಿಯ ಅಂಕುರವನ್ನೇ ತೆಗೆದುಹಾಕಿದಾಗ ಅವು ಬೆಳೆಬೆಳೆದು ದೈತ್ಯ ಗೊದಮೊಟ್ಟೆಗಳಾದುವೇ ಹೊರತು ಕಪ್ಪೆಗಳಾಗಲಿಲ್ಲ. 1920ರಲ್ಲಿ ಇಂಗ್ಲೆಂಡಿನ ಜೂಲಿಯನ್ ಹಕ್ಸ್‌ಲಿ, ಎತ್ತಿನ ಥೈರಾಯಿಡನ್ನು ಆಕ್ಸೊಲಾಟ್ಲ್‌ಗೆ ತಿನ್ನಿಸಿ ಅದನ್ನು ನೆಲದ ಪ್ರಾಣಿಯನ್ನಾಗಿ ಮಾಡಿದಾಗ ವೃತ್ತಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು.

ಇದು ಕಪ್ಪೆಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ಯಾರೂ ಭಾವಿಸಬಾರದು. ಆ ಗ್ರಂಥಿಯ ರಸದಲ್ಲಿ ಅಯೋಡಿನ್ ಇದೆ. ಅದೇ ರಸ ನಮ್ಮ ಕತ್ತಿನಲ್ಲಿಯೂ ಉತ್ಪತ್ತಿಯಾಗುತ್ತದೆ. ಆಹಾರದಲ್ಲಿ ಅಯೋಡಿನ್ ಸಾಲದ ಕಡೆಗಳಲ್ಲಿ ಜನರಿಗೆ ಗಳಗಂಡ ಬರುವುದೂ, ಈ ರಸವಿಲ್ಲದ ಶಿಶುವಿನ ಮೈಯೂ ಬುದ್ಧಿಯೂ ಬೆಳೆಯದೆ ನಿಲ್ಲುವುದೂ ಇದರಿಂದಲೇ. ಬಾಲ ಕರಗುವ ಬಗೆಯನ್ನು ಹುಡುಕುತ್ತ ಗ್ರಾಸ್, ಲಾಪಿಯೆರ್ ಎಂಬಿಬ್ಬರು 1962ರಲ್ಲಿ, ಅಂಗಗಳನ್ನು ಹಿಡಿದು ನಿಲ್ಲಿಸುವ ನಾರುಗಳನ್ನು ಕತ್ತರಿಸುವ ಕಿಣ್ವವೊಂದನ್ನು ಗೊದಮೊಟ್ಟೆಯ ಬಾಲದಲ್ಲಿ ಕಂಡುಹಿಡಿದರು. ಮನುಷ್ಯನ ಕೀಲುವಾತದಲ್ಲಿಯೂ ಅರ್ಬುದ ಹರಡುವುದರಲ್ಲಿಯೂ ಇದೇ ಕುಲದ ಕಿಣ್ವಗಳು ಕೈಯಾಡಿಸುತ್ತವೆಂದು ಆಮೇಲೆ ತಿಳಿಯಿತು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಗೊದಮೊಟ್ಟೆಯ ಕರುಳಿನ ಒಂದು ಜೀವಕೋಶವು ಕರುಳಾಗಿಯೇ ಮುಗಿದುಹೋಯಿತೋ, ಅಥವಾ ಇಡೀ ಕಪ್ಪೆಯ ಬರಹ ಅದರೊಳಗೆ ಇನ್ನೂ ಉಳಿದಿದೆಯೋ? ಆಕ್ಸ್‌ಫರ್ಡಿನಲ್ಲಿ ತರುಣನಾಗಿದ್ದ ಜಾನ್ ಗರ್ಡನ್, ದಕ್ಷಿಣ ಆಫ್ರಿಕಾದ ಉಗುರುಗಪ್ಪೆಯ ಮೊಟ್ಟೆಯ ಕೇಂದ್ರವನ್ನು ನಾಶಪಡಿಸಿ, ಅದರೊಳಕ್ಕೆ ಗೊದಮೊಟ್ಟೆಯ ಕರುಳಿನ ಕೋಶಕೇಂದ್ರವನ್ನು ಸೇರಿಸಿದನು. ಬಹುಪಾಲು ಪ್ರಯತ್ನಗಳು ನಿಷ್ಫಲವಾದವು. ಕೆಲವು ಮಾತ್ರ ಫಲಿಸಿ, ಪೂರ್ಣಾಂಗವಾದ ಕಪ್ಪೆಗಳು ಹುಟ್ಟಿದವು. 1962ರ ಆ ಕೆಲಸಕ್ಕೆ 2012ರಲ್ಲಿ, ಜಪಾನಿನ ಯಮನಾಕಾ ಅವರೊಂದಿಗೆ, ನೊಬೆಲ್ ಪಾರಿತೋಷಕ ಬಂದಿತು. ಎರಡು ಬಾಳುಗಳೂ ಒಂದೇ ಪುಸ್ತಕದಲ್ಲಿ ಬರೆದಿವೆ; ಆ ಪುಸ್ತಕದ ಪೂರ್ತಿ ಪ್ರತಿ ದೇಹದ ಮೂಲೆಯ ಕೋಶದಲ್ಲಿಯೂ ಉಂಟು ಎಂದು ಇದರಿಂದ ಗೊತ್ತಾಯಿತು.

ಇದುವರೆಗೆ ಹೇಳಿದ್ದೆಲ್ಲ ಹೊರದೇಶಗಳ ಪ್ರಯೋಗಶಾಲೆಗಳ ವೃತ್ತಾಂತ. ಆ ಪ್ರಯೋಗಗಳಿಗೆ ಒದಗಿದ್ದು ಕೆಲವೇ ಜಾತಿಯ ಕಪ್ಪೆಗಳು. ಉಳಿದ ಸಾವಿರಾರು ಜಾತಿಗಳ ಬಾಳಿನ ಎರಡು ತುದಿಗಳನ್ನು ಕೂಡಿಸುವ ಕೆಲಸ ಕಾಡಿನ ತೊರೆಗಳಲ್ಲಿ ನಡೆಯಬೇಕಾದದ್ದು. ಇದರಲ್ಲಿ ನಮ್ಮ ನಾಡಿನ ಪಾಲು ಅಲ್ಪವಾದುದಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರನ್ನು ಇಲ್ಲಿ ಸ್ಮರಿಸುವುದು ಕರ್ತವ್ಯ. 1932ರಲ್ಲಿ ಬೆಂಗಳೂರಿನಿಂದ ಹೊರಟ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಕಲ್ಕತ್ತೆಯ ನೆಲ್ಸನ್ ಆನಂಡೇಲ್ ಅವರೊಂದಿಗೆ ಸೇರಿ ರಾಯರು 1917-18ರ ಸುಮಾರಿಗೆ ಹಿಂದೂದೇಶದ ಗೊದಮೊಟ್ಟೆಗಳನ್ನು ಕುರಿತು ಬರೆದರು. ಅವರು ವರ್ಣಿಸಿದವುಗಳಲ್ಲಿ ಒಂದಕ್ಕೆ ಬಾಯಿಯೇ ಹೀರುಬಟ್ಟಲು. ಭೋರ್ಗರೆವ ತೊರೆಯಲ್ಲಿಯೂ ಬಂಡೆಯನ್ನು ಕಚ್ಚಿ ಹಿಡಿದು ನಿಲ್ಲಬಲ್ಲುದು. ಅದು ಬೆಳೆದು ಯಾವ ಕಪ್ಪೆಯಾಗುತ್ತದೆಂದು ಆಗ ಯಾರಿಗೂ ತಿಳಿಯಲಿಲ್ಲ.

ಉತ್ತರ ಬಂದದ್ದು ಎಂಬತ್ತೈದು ವರ್ಷಗಳ ಮೇಲೆ. 2003ರಲ್ಲಿ ಎಸ್. ಡಿ. ಬಿಜು, ಫ್ರಾಂಕಿ ಬೋಸ್ಯೂಟ್ ಎಂಬಿಬ್ಬರು ಕೇರಳದ ಇಡುಕ್ಕಿಯ ಕಡೆಯಿಂದ ನೇರಳೆ ಬಣ್ಣದ, ಉಬ್ಬಿದ ಮೈಯ, ಚೂಪು ಮೂತಿಯ ಕಪ್ಪೆಯೊಂದನ್ನು ಲೋಕಕ್ಕೆ ಪರಿಚಯಿಸಿದರು. ‘ನಾಸಿಕಾಬಟ್ರಾಕಸ್ ಸಹ್ಯಾದ್ರೆನ್ಸಿಸ್’ ಎಂದು ಅದಕ್ಕೆ ಹೆಸರಾಯಿತು. ವರ್ಷದ ಬಹುಭಾಗ ಅದು ಮಣ್ಣಿನೊಳಗೆ ಗೆದ್ದಲನ್ನು ತಿಂದುಕೊಂಡಿರುತ್ತದೆ. ಮುಂಗಾರಿನ ಮೊದಲಲ್ಲಿ ಕೆಲವೇ ದಿನ ಮೇಲೆ ಬಂದು, ತೊರೆಯಲ್ಲಿ ಮೊಟ್ಟೆಯಿಟ್ಟು, ಮತ್ತೆ ನೆಲದೊಳಗೆ ಮರೆಯಾಗುತ್ತದೆ. ಅದರ ಹತ್ತಿರದ ನಂಟರು ಇರುವುದು ಕಡಲಾಚೆಯ ಸೇಶೆಲ್ಸ್ ದ್ವೀಪಗಳಲ್ಲಿ. ಎರಡು ಮನೆತನಗಳೂ ಬೇರೆಯಾಗಿ ಹತ್ತು ಕೋಟಿ ವರ್ಷಗಳ ಮೇಲಾಯಿತು. ರಾಯರೂ ಆನಂಡೇಲರೂ ವರ್ಣಿಸಿದ ಬಂಡೆ ಹಿಡಿಯುವ ಮರಿ ಇದರದೇ ಎಂದು ಕಡೆಗೆ ಗೊತ್ತಾಯಿತು. ಸುಶ್ರುತಸಂಹಿತೆ ಹೇಳಿದ ಉದ್ಭಿಜ್ಜವೆಂಬ ಹೆಸರಿಗೆ ಇದಕ್ಕಿಂತ ಅರ್ಹವಾದ ಕಪ್ಪೆ ಸಿಕ್ಕಲಾರದು.

ಇದಕ್ಕೆ ವಿಪರೀತವಾದ ಕಥೆಯೂ ಒಂದುಂಟು. 1937ರಲ್ಲಿ ನಾರಾಯಣರಾಯರು ಮಲೆನಾಡಿನ ಕೊಟ್ಟಿಗೆಹಾರದ ಹೆಸರನ್ನಿಟ್ಟು ಪುಟ್ಟ ತೊರೆಗಪ್ಪೆಯೊಂದನ್ನು ವರ್ಣಿಸಿದರು. ಈ ಬಳಗದ ಗಂಡುಗಳು, ಝರಿಯ ಸದ್ದಿನಲ್ಲಿ ಕೂಗಿನ ಜೊತೆಗೆ ಕಣ್ಣಿಗೂ ಕಾಣುವ ಸಂಜ್ಞೆ ಬೇಕೆಂದೋ ಎಂಬಂತೆ, ಹಿಂಗಾಲನ್ನು ಚಾಚಿ ಬೀಸಿ ತೋರಿಸುತ್ತವೆ. ಆದ್ದರಿಂದ ಇವಕ್ಕೆ ಕುಣಿಯುವ ಕಪ್ಪೆಗಳೆಂದು ಹೆಸರು. ಕಪ್ಪೆ ಕಣ್ಣೆದುರಿಗೆ ಕುಣಿಯುತ್ತಿದ್ದರೂ ಮರಿ ಎಲ್ಲಿದೆಯೆಂದು ಬಹುಕಾಲ ಯಾರಿಗೂ ತಿಳಿಯಲಿಲ್ಲ. ಅದೇ ಬಳಗದ ಇನ್ನೊಂದು ಜಾತಿಯಲ್ಲಿ ಆ ಗುಟ್ಟು ಹೊರಬಿದ್ದದ್ದು 2016ರಲ್ಲಿ. ಗೊದಮೊಟ್ಟೆಗಳು ನೀರಿನಲ್ಲಿ ಈಜದೆ, ತೊರೆಯ ತಳದ ಮರಳಿನೊಳಗೆ ಹಾವುಮೀನಿನಂತೆ ನುಸುಳಿಕೊಂಡು, ಕಣ್ಣಿನ ಮೇಲೆ ಚರ್ಮದ ಹೊದಿಕೆಯಿಟ್ಟುಕೊಂಡು ಬೆಳೆಯುತ್ತಿದ್ದವು! ಒಂದರಲ್ಲಿ ಮರಿ ಸಿಕ್ಕಿ ತಾಯಿ ಸಿಕ್ಕಲಿಲ್ಲ. ಇನ್ನೊಂದರಲ್ಲಿ ತಾಯಿ ಸಿಕ್ಕಿ ಮರಿ ಸಿಕ್ಕಲಿಲ್ಲ.

ಗೊದಮೊಟ್ಟೆಯ ಬಾಳನ್ನು ಬಯಲಿನಲ್ಲಿ ಕಳೆಯದ ಕಪ್ಪೆಗಳೂ ಸಹ್ಯಾದ್ರಿಯಲ್ಲಿ ಇವೆ. ರಾಯರ ಗೌರವಾರ್ಥವಾಗಿ 2010ರಲ್ಲಿ ‘ರಾವೋರ್ಕೆಸ್ಟಿಸ್’ ಎಂದು ಹೆಸರಿಟ್ಟ ಪೊದೆಗಪ್ಪೆಗಳ ಗಣದಲ್ಲಿ ಮರಿ ಮೊಟ್ಟೆಯೊಳಗೇ ಎಲ್ಲ ಅವಸ್ಥೆಗಳನ್ನೂ ಮುಗಿಸಿ, ಪುಟ್ಟ ಕಪ್ಪೆಯಾಗಿಯೇ ಹೊರಬರುತ್ತದೆ. ಉತ್ತರ ಕನ್ನಡದ ಕತ್ತಲೆಕಾನಿನಿಂದ 2014ರಲ್ಲಿ ವರ್ಣಿತವಾದ ‘ಕುಂಬಾರ’ ಕಪ್ಪೆಯಲ್ಲಿ ಗಂಡು ತೊರೆಯ ತಳದ ಕೆಸರನ್ನು ಮುಂಗೈಗಳಿಂದ ಎತ್ತಿ, ಹಿಂಗಾಲುಗಳ ಮೇಲೆ ನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ. ಅದಕ್ಕೆ ಕನ್ನಡದ ಹೆಸರೇ ಶಾಸ್ತ್ರೀಯ ನಾಮವಾಯಿತು.

ನಾರಾಯಣರಾಯರ ಕಥೆಯಲ್ಲಿ ಒಂದು ದುಃಖದ ಅಂಶವಿದೆ. ಹೊಸ ಜಾತಿಯೊಂದನ್ನು ವರ್ಣಿಸಿದಾಗ ಅದರ ಮೂಲಮಾದರಿಯನ್ನು ಕಾಪಾಡಿಡುವುದು ಶಾಸ್ತ್ರದ ಪದ್ಧತಿ. ಮುಂದೆ ಸಂದೇಹ ಬಂದಾಗ ಅದೇ ಸಾಕ್ಷಿ. ರಾಯರು ಬೆಂಗಳೂರಿನಲ್ಲಿ ಇರಿಸಿದ್ದ ಮಾದರಿಗಳು ಕಳೆದುಹೋಗಿವೆ. ಅವರ 1937ರ ಲೇಖನವನ್ನು ಕೈಯಲ್ಲಿ ಹಿಡಿದು, ಅವರು ಹೆಸರಿಸಿದ ಊರುಗಳ ತೊರೆಗಳಿಗೆ ಹೋಗಿ, ಈ ಕಪ್ಪೆಯೇ ಆ ಕಪ್ಪೆಯೋ ಎಂದು ಇಂದಿನ ವಿದ್ವಾಂಸರು ಹೊಸದಾಗಿ ಗುರುತಿಸಬೇಕಾಗಿದೆ. ಸೀಸೆಯೊಳಗಿನ ಕಪ್ಪೆ ಕಳೆದರೆ ಕಾಡಿನಲ್ಲಿ ಹುಡುಕಬಹುದು. ಕಾಡಿನ ಕಪ್ಪೆಯೂ ಕಳೆದರೆ ಹುಡುಕುವುದೆಲ್ಲಿ?

ಹಾಗೆ ಕಳೆದದ್ದಕ್ಕೆ ಉದಾಹರಣೆ ಆಸ್ಟ್ರೇಲಿಯಾದಲ್ಲಿದೆ. ಕ್ವೀನ್ಸ್‌ಲ್ಯಾಂಡಿನ ಕಾಡುತೊರೆಗಳಲ್ಲಿದ್ದ ಒಂದು ಕಪ್ಪೆ 1973ರಲ್ಲಿ ಶಾಸ್ತ್ರಜ್ಞರ ಗಣನೆಗೆ ಬಂದಿತು. ಹೆಣ್ಣು ತನ್ನ ಮೊಟ್ಟೆಗಳನ್ನು ನುಂಗಿಬಿಡುತ್ತಿತ್ತು. ಹೊಟ್ಟೆಯಲ್ಲಿ ಜೀರ್ಣಿಸುವ ಆಮ್ಲ ಊರುವುದು ನಿಂತು, ಜಠರವೇ ಗರ್ಭಾಶಯವಾಗುತ್ತಿತ್ತು. ಹಲವು ವಾರಗಳ ಉಪವಾಸದ ತರುವಾಯ ಪುಟ್ಟ ಕಪ್ಪೆಗಳು ತಾಯಿಯ ಬಾಯಿಂದ ಹೊರಕ್ಕೆ ಹಾರುತ್ತಿದ್ದವು. ಜಠರದ ಹುಣ್ಣಿಗೆ ಚಿಕಿತ್ಸೆ ಹುಡುಕುವವರಿಗೆ ಇದರಿಂದ ಎಷ್ಟೋ ತಿಳಿಯಬಹುದಾಗಿತ್ತು. ಆದರೆ 1981ರಿಂದ ಈಚೆಗೆ ಅದನ್ನು ಕಾಡಿನಲ್ಲಿ ಕಂಡವರಿಲ್ಲ. ಸಾಕಿದ್ದವುಗಳಲ್ಲಿ ಕೊನೆಯದು 1983ರಲ್ಲಿ ಸತ್ತಿತು. ಪರಿಚಯವಾದ ಹತ್ತೇ ವರ್ಷಗಳಲ್ಲಿ ಆ ಅಧ್ಯಾಯ ಮುಚ್ಚಿಹೋಯಿತು.

2023ರಲ್ಲಿ ಪ್ರಕಟವಾದ ಲೋಕವ್ಯಾಪ್ತಿಯ ಸಮೀಕ್ಷೆಯಲ್ಲಿ 8,011 ಜಾತಿಯ ಉಭಯಚರಗಳನ್ನು ಪರಿಶೀಲಿಸಿ, ನೂರಕ್ಕೆ ಸುಮಾರು 41 ಅಳಿವಿನ ಅಪಾಯದಲ್ಲಿವೆಯೆಂದು ಲೆಕ್ಕಹಾಕಿದ್ದಾರೆ. ಬೆನ್ನೆಲುಬುಳ್ಳ ಪ್ರಾಣಿಗಳ ವರ್ಗಗಳಲ್ಲಿ ಇಷ್ಟು ದೊಡ್ಡ ಪಾಲು ಸಂಕಟಕ್ಕೆ ಸಿಕ್ಕಿರುವುದು ಇದೊಂದೇ. ಚರ್ಮಕ್ಕೆ ಹತ್ತುವ ಬೂಷ್ಟು ರೋಗವೊಂದು ಅನೇಕ ದೇಶಗಳಲ್ಲಿ ಕಪ್ಪೆಗಳನ್ನು ಗುಡಿಸಿಹಾಕಿದೆ. ಆ ಬೂಷ್ಟಿಗೆ ಶಾಸ್ತ್ರದಲ್ಲಿ ಹೆಸರಾದದ್ದೇ 1999ರಲ್ಲಿ. ನಮ್ಮ ದೇಶದಿಂದ ಕಪ್ಪೆಯ ಕಾಲುಗಳು ಹೊರದೇಶದ ಊಟದ ಮೇಜಿಗೆ ಲೆಕ್ಕವಿಲ್ಲದೆ ಹೋಗುತ್ತಿದ್ದುವು; 1987ರಲ್ಲಿ ಸರ್ಕಾರ ಆ ರಫ್ತನ್ನು ನಿಷೇಧಿಸಿತು. ಇವೆಲ್ಲಕ್ಕಿಂತ ವ್ಯಾಪಕವಾದ ಕಾರಣವೆಂದರೆ ವಾಸಸ್ಥಳದ ನಾಶ. ಎರಡು ಬಾಳುಳ್ಳ ಜೀವಿಗೆ ಎರಡು ಮನೆಗಳು ಬೇಕು. ಕೆರೆ ಉಳಿದು ಸುತ್ತಣ ಹುಲ್ಲುನೆಲ ಹೋದರೆ ಕಪ್ಪೆಗೆ ಬಾಳಿಲ್ಲ. ಕಾಡು ಉಳಿದು ತೊರೆ ಬತ್ತಿದರೆ ಗೊದಮೊಟ್ಟೆಗೆ ಬಾಳಿಲ್ಲ. ಎರಡೂ ಉಳಿದು ನಡುವೆ ದಾಟಲಾಗದ ಗೋಡೆ ಎದ್ದರೂ ಫಲ ಒಂದೇ.

ಮಳೆ ತಡವಾದಾಗ ಕಪ್ಪೆಗಳಿಗೆ ಮದುವೆ ಮಾಡಿಸುವ ರೂಢಿ ನಮ್ಮಲ್ಲಿ ಉಂಟು. ಕಪ್ಪೆ ಕೂಗಿದರೆ ಮಳೆಯೆಂಬ ನಂಬಿಕೆಯಿಂದ ಹುಟ್ಟಿದ ಆಚಾರವದು. ಮದುವೆಯಾದ ಮೇಲೆ ಮನೆಯೂ ಬೇಕೆಂಬುದನ್ನು ಮಾತ್ರ ನಾವು ಮರೆಯುತ್ತೇವೆ. ನಗರದ ಕೆರೆಗಳನ್ನು ಚೊಕ್ಕಟಮಾಡುವಾಗ ನಾಲ್ಕು ಕಡೆಯೂ ಕಡಿದಾದ ಕಲ್ಲುಕಟ್ಟಡವನ್ನು ಎಬ್ಬಿಸಿ, ಸುತ್ತ ಗಾರೆಯ ದಾರಿ ಹಾಕಿ, ಕೆಲಸ ಮುಗಿಯಿತೆಂದು ತೃಪ್ತರಾಗುವುದನ್ನು ನೋಡುತ್ತೇವೆ. ಒಂದು ಪಕ್ಕದಲ್ಲಾದರೂ ಆಳವಿಲ್ಲದ ನೀರು, ಇಳಿಜಾರಾದ ಮಣ್ಣಿನ ದಡ, ಅದರಾಚೆ ಒಂದಿಷ್ಟು ಹುಲ್ಲು ಪೊದೆಗಳನ್ನು ಬಿಟ್ಟರೆ, ಬಾಲವನ್ನು ಬುತ್ತಿಯಾಗಿ ಕಟ್ಟಿಕೊಂಡು ಹೊರಟ ಮರಿಗೆ ದಡ ಹತ್ತಲು ದಾರಿಯಾಗುತ್ತದೆ. ಇದಕ್ಕೆ ಹೆಚ್ಚು ಹಣ ಬೇಕಾಗಿಲ್ಲ. ಕೆರೆಯೆಂದರೆ ಅದರ ನೀರು ಮಾತ್ರವಲ್ಲ, ಅದರ ದಡವೂ ಹೌದೆಂಬ ತಿಳಿವಳಿಕೆ ಸಾಕು.